ಹಳೇ ಪಿಕಪ್ಪಿನ ಉದ್ದ ಸೀಟು ಕಿತ್ತು ಸ್ವಿಫ್ಟ್ ಸೀಟು ಕೂರ್ಸಿದ್ದು

ಮೊದ್ಲೇ ಹೇಳ್ಬಿಡ್ತೀನಿ, ಸೀಟು ಕೂರ್ಸೋದು ಅರ್ಧ ದಿನದ ಕೆಲಸ ಅಷ್ಟೇ. ನನ್ನ ಆರು ಭಾನುವಾರ ತಿಂದಿದ್ದು ಸೀಟಲ್ಲ, ಸೀಟಿನ ಕೆಳಗಿನ ತಗಡು. ಈ ಕೆಲಸಕ್ಕೆ ಕೈ ಹಾಕೋರು ಯಾರಾದ್ರೂ ಇದ್ರೆ ಗುಜರಿಗೆ ಹೋಗೋ ಮೊದ್ಲು ಹಳೇ ಸೀಟು ಬಿಚ್ಚಿ ಕೆಳಗೆ ಟಾರ್ಚ್ ಬಿಟ್ಟು ನೋಡಿ. ನಾನು ಉಲ್ಟಾ ಮಾಡ್ದೆ, ಸೀಟು ತಂದು ಕೊಟ್ಟಿಗೇಲಿ ಇಟ್ಕೊಂಡು ಆಮೇಲೆ ಬಿಚ್ಚಿ ನೋಡಿ ತಲೆ ಮೇಲೆ ಕೈ ಇಟ್ಕೊಂಡೆ.

ಗಾಡಿ 1998 ಮಾಡೆಲ್ ಮಹೀಂದ್ರ ಪಿಕಪ್, ಮುಂದೆ ಜೀಪಿನ ಮೂತಿ, ಹಿಂದೆ ತೊಟ್ಟಿ, ಡಿಐ ಡೀಸೆಲ್ ಇಂಜಿನ್ನು. ತೀರ್ಥಹಳ್ಳಿ ಕಡೆ ನಮ್ಮ ಮನೆ, ಅಪ್ಪ ಇದನ್ನ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು 2006ರಲ್ಲಿ. ಅಲ್ಲಿಂದ ಇಲ್ಲೀವರೆಗೆ ಅಡಿಕೆ ಮೂಟೆ, ಹಿಂಡಿ, ಗೊಬ್ಬರ, ಒಂದ್ಸಲ ಒಂದು ಎಮ್ಮೆ, ಇನ್ನೊಂದ್ಸಲ ಪಕ್ಕದ ಮನೆ ಮದ್ವೆಯ ಇಡೀ ಪಾತ್ರೆ ಸಾಮಾನು, ಎಲ್ಲ ಹೊತ್ತಿದೆ. ಇಂಜಿನ್ನು ಚಳಿಗಾಲದ ಬೆಳಗ್ಗೇನೂ ಕೀ ತಿರುಗ್ಸಿದ್ರೆ ಎರಡನೇ ಸೆಲ್ಫಿಗೆ ಸ್ಟಾರ್ಟ್ ಆಗ್ತಿತ್ತು, ಅದ್ರ ಬಗ್ಗೆ ನಂದೇನೂ ತಕರಾರಿಲ್ಲ. ತಕರಾರಿದ್ದಿದ್ದು ಕೂರೋ ಜಾಗದ್ದು.

ಹಿಂದಿನ ಓನರ್ ಮುಂದುಗಡೆ ಒಂದೇ ಉದ್ದದ ಸೀಟು ಮಾಡ್ಸಿದ್ದ. ಈ ಬಾಗ್ಲಿಂದ ಆ ಬಾಗ್ಲಿಗೆ 50 ಇಂಚು, ಸ್ಕ್ವೇರ್ ಪೈಪಿನ ಫ್ರೇಮು, ಮೇಲೆ ಪ್ಲೈವುಡ್ಡು, ಅದರ ಮೇಲೆ ತೆಂಗಿನ ನಾರಿನ ಕುಶನ್ನು, ಹಸಿರು ರೆಕ್ಸಿನ್ನು. ಆರಾಮಾಗಿ ಮೂರು ಜನ, ಜಾತ್ರೆ ದಿನ ನಾಲ್ಕು. ಮಧ್ಯ ಕೂತವರು ಗೇರ್ ಲಿವರ್ ಆಚೆ ಒಂದು ಈಚೆ ಒಂದು ಕಾಲು ಹಾಕಿ ಕೂರ್ಬೇಕು, ಸೆಕೆಂಡ್ ಗೇರಿಗೆ ಬರೋವಾಗೆಲ್ಲ ಡ್ರೈವರ್ರು "ಸ್ವಲ್ಪ ಕಾಲು" ಅನ್ಬೇಕು. ಅದೆಲ್ಲ ಅಭ್ಯಾಸ ಆಗೋಗಿತ್ತು ಬಿಡಿ. ಕಷ್ಟ ಏನಪ್ಪಾ ಅಂದ್ರೆ ಆ ಸೀಟು ಹಿಂದೆ ಮುಂದೆ ಸರಿಯಲ್ಲ. ನಾನು ಐದು ಅಡಿ ಹನ್ನೊಂದು ಇಂಚು, ಅಪ್ಪ ಐದು ಅಡಿ ನಾಲ್ಕು ಇಂಚು. ಅಪ್ಪಂಗೆ ಕ್ಲಚ್ ಎಟುಕ್ಬೇಕು ಅಂದ್ರೆ ಬೆನ್ನ ಹಿಂದೆ ದಿಂಬು, ನಾನು ಕೂತ್ರೆ ಮೊಣಕಾಲು ಸ್ಟೇರಿಂಗಿಗೆ. ಶಿವಮೊಗ್ಗಕ್ಕೆ 60 ಕಿಲೋಮೀಟರ್ ಹೋಗಿ ಇಳಿದ್ರೆ ಸೊಂಟ ನೆಟ್ಟಗಾಗೋಕೆ ಒಂದು ಟೀ ಬೇಕು. ಹೋದ ಮಳೆಗಾಲದಲ್ಲಿ ನಾರು ನೆಂದು ಒಂಥರಾ ಹಳೇ ಕಂಬಳಿ ವಾಸ್ನೆ ಶುರುವಾಯ್ತು, ಆಮೇಲೆ ಒಳಗೆ ಇಲಿ ಸಂಸಾರ ಹೂಡ್ತು. ಅವತ್ತೇ ತೀರ್ಮಾನ ಮಾಡಿದ್ದು.

ಅಮ್ಮ ಮಾತ್ರ ಒಪ್ಪಲಿಲ್ಲ. "ಎರಡೇ ಸೀಟ್ ಹಾಕಿದ್ರೆ ನಾನೆಲ್ಲಿ ಕೂರೋದು, ತೊಟ್ಟೀಲಿ ಹಿಂಡಿ ಮೂಟೆ ಜೊತೆಗಾ?" ಅಂದ್ರು. ಪ್ರಶ್ನೆ ಸರಿಯಾಗೇ ಇತ್ತು. ನಾನು ಆರ್‌ಸಿ (ಗಾಡಿ ನೋಂದಣಿ ಪತ್ರ) ತೆಗೆದು ತೋರಿಸ್ದೆ, ಸೀಟಿಂಗ್ ಕೆಪಾಸಿಟಿ ಡ್ರೈವರ್ ಸೇರಿ 2 ಅಂತಾನೇ ಇದೆ, ಇಷ್ಟು ವರ್ಷ ನಾವು ಮೂರು ಜನ ಕೂತಿದ್ದೇ ತಪ್ಪು ಅಂದೆ. "ಇಷ್ಟು ವರ್ಷ ಇಲ್ದಿರೋ ಕಾನೂನು ಈಗ ಎಲ್ಲಿಂದ ಬಂತು ಮಾರಾಯ" ಅಂದು ಒಳಗೆ ಹೋದ್ರು.

ಆದ್ರೆ ಈ ಆರ್‌ಸಿ ವಿಷಯ ನೀವೂ ನೋಡ್ಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟಿರೋ ವಿವರ ಆರ್‌ಸಿಯಲ್ಲಿ ಏನಿದೆಯೋ ಅದು ಬದಲಾಗೋ ಹಂಗೆ ಗಾಡೀನ ಮಾರ್ಪಾಡು ಮಾಡೋ ಹಂಗಿಲ್ಲ, 2019ರ ಜನವರೀಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡೀತು. ನಮ್ಮದ್ರಲ್ಲಿ ಆರ್‌ಸಿ ಎರಡು ಅನ್ನತ್ತೆ, ಹಳೇ ಓನರ್ ಮೂರು ಮಾಡಿದ್ದ, ನಾನು ವಾಪಸ್ ಎರಡಕ್ಕೆ ತಂದೆ, ಹಂಗಾಗಿ ಲೆಕ್ಕ ಸರಿಹೋಯ್ತು. ನಿಮ್ಮ ಆರ್‌ಸಿಯಲ್ಲಿ ಮೂರು ಅಂತಿದ್ರೆ ಕೆಲಸ ಶುರು ಮಾಡೋ ಮೊದ್ಲೇ ಆರ್‌ಟಿಓ ಆಫೀಸಲ್ಲಿ ಕೇಳ್ಕೊಂಡು ಬನ್ನಿ, ಎಫ್‌ಸಿ (ಗಾಡಿ ಫಿಟ್ನೆಸ್ ತಪಾಸಣೆ) ದಿನ ಕೇಳಿಸ್ಕೊಳ್ಳೋದಕ್ಕಿಂತ ಅದು ವಾಸಿ.

ಸೀಟು ಹುಡುಕ್ಕೊಂಡು ಹೋಗಿದ್ದು ಶಿವಮೊಗ್ಗಕ್ಕೆ. ಆಟೋ ಕಾಂಪ್ಲೆಕ್ಸ್ ಸುತ್ತಿ, ಆಮೇಲೆ ಊರಾಚೆ ಇರೋ ಎರಡು ಮೂರು ಗುಜರಿ ನೋಡ್ದೆ. ಮಾರುತಿ 800ದು ಸಲೀಸಾಗಿ ಸಿಗತ್ತೆ, ಅಗಲ ಕಮ್ಮಿ, ಜೀಪಿಗೆ ಹಾಕೋರು ಹೆಚ್ಚಾಗಿ ಅದನ್ನೇ ಹಾಕೋದು, ಆದ್ರೆ ನನ್ನ ಬೆನ್ನಿಗೆ ಅದು ಸಾಕಾಗಲ್ಲ. ಯಾವ್ದೋ ದೊಡ್ಡ ಸೆಡಾನಿನ ಲೆದರ್ ಸೀಟು ಇತ್ತು, ಕೂತ್ರೆ ಎದ್ದೇಳೋ ಮನಸ್ಸಾಗಲ್ಲ, ಆದ್ರೆ ಮೋಟಾರಲ್ಲಿ ಸರಿಯೋದು, ಒಂದೊಂದೂ ಇಬ್ಬರು ಎತ್ತೋ ಭಾರ, ಅಗಲ 22 ಇಂಚು. ಪಕ್ಕದಲ್ಲಿ ಹಳದಿ ಕನೆಕ್ಟರ್ ಬೇರೆ ನೇತಾಡ್ತಿತ್ತು. ಆ ಹಳದಿ ಕನೆಕ್ಟರ್ ಕಂಡ್ರೆ ಸೀಟೊಳಗೆ ಏರ್‌ಬ್ಯಾಗ್ ಇರಬಹುದು ಅಂತ ಅರ್ಥ, ಅದನ್ನ ಮುಟ್ಟೋಕೆ ಹೋಗ್ಬೇಡಿ, ಮಲ್ಟಿಮೀಟರ್ ಹಾಕಿ ನೋಡೋದಂತೂ ಬೇಡ್ವೇ ಬೇಡ.

ಕೊನೆಗೆ ಸಿಕ್ಕಿದ್ದು ಮೊದಲ ಜನರೇಶನ್ ಸ್ವಿಫ್ಟಿನ ಜೋಡಿ, 2005ರಲ್ಲಿ ಬಂತಲ್ಲ ಆ ಮಾಡೆಲ್ಲಿಂದು. ಬೆನ್ನಿಗೆ ಎರಡೂ ಕಡೆ ಒಳ್ಳೆ ಅಂಚು, ತೊಡೆ ಕೆಳಗೆ ಉದ್ದ ಸಾಕಷ್ಟು, ನನ್ನ ಟೇಪಲ್ಲಿ ಅತೀ ಅಗಲ ಇರೋ ಕಡೆ 20 ಇಂಚು. ಒಂಬತ್ತು ಸಾವಿರ ಅಂದ, ಆರೂವರೆಗೆ ಕೊಟ್ಟ. ಡ್ರೈವರ್ ಸೀಟಿನ ಬಲಗಡೆ ಅಂಚು ಹರಿದಿತ್ತು, ಅದು ಸಹಜ, ದಿನಾ ಹತ್ತಿ ಇಳಿಯೋದು ಆ ಕಡೆಯಿಂದಾನೇ. ಕೆಲವರು ಕೇಳ್ತಾರೆ, ಎಡಗಡೆದು ಚೆನ್ನಾಗಿರತ್ತಲ್ಲ ಅದನ್ನೇ ಬಲಕ್ಕೆ ಹಾಕ್ಬಹುದಲ್ವಾ ಅಂತ. ಹಾಕೋಕಾಗಲ್ಲ, ಬೆನ್ನು ಬಗ್ಗಿಸೋ ಲಿವರ್ ಬಾಗ್ಲ ಕಡೆ ಇರತ್ತೆ, ಅದಲು ಬದಲು ಮಾಡಿದ್ರೆ ಲಿವರ್ ಗೇರ್ ಕಡೆ ಬಂದು ಕೂರತ್ತೆ.

ಗುಜರೀಲಿ ಸೀಟು ನೋಡೋವಾಗ ಬಟ್ಟೆ ನೋಡ್ಬೇಡಿ, ಬಟ್ಟೆ ಹೇಗೂ ಹೋಗೋದೇ. ತಲೆಕೆಳಗೆ ಮಾಡಿ ರೈಲು, ಅಂದ್ರೆ ಸೀಟು ಹಿಂದೆ ಮುಂದೆ ಸರಿಯೋ ಕಬ್ಬಿಣದ ಹಳಿ, ನೋಡಿ. ನೆರೆ ನೀರಲ್ಲಿ ಮುಳುಗಿದ ಗಾಡೀದಾದ್ರೆ ರೈಲಿನ ಒಳಗೆ ಸಣ್ಣ ಕೆಸರು, ಸ್ಪ್ರಿಂಗಲ್ಲಿ ತುಕ್ಕು ಕಂಡೇ ಕಾಣತ್ತೆ, ಫೋಮ್ ಮೂಸಿದ್ರೂ ಗೊತ್ತಾಗತ್ತೆ. ನೆಲದ ಮೇಲಿಟ್ಟು ಕೂತು, ಬೆನ್ನು ಜೋರಾಗಿ ಹಿಂದಕ್ಕೆ ಒತ್ತಿ. ಲಿವರ್ ಎತ್ತಿ ಸರ್ಸಿದಾಗ ಎರಡೂ ಕಡೆ ರೈಲು ಒಂದೇ ಸಲ ಲಾಕ್ ಆಗ್ಬೇಕು, ಒಂದು ಕಡೆ ಟಕ್ ಅಂದು ಇನ್ನೊಂದು ಕಡೆ ಸುಮ್ನಿದ್ರೆ ಬಿಟ್ಟು ಬನ್ನಿ. ಇದೆಲ್ಲ ನಾನು ಡ್ರೈವರ್ ಸೀಟಿಗೆ ಮಾಡ್ದೆ. ಎಡಗಡೆ ಸೀಟಿಗೆ ಮಾಡ್ಲಿಲ್ಲ, ಯಾಕಂದ್ರೆ ಮಳೆ ಹನಿ ಶುರುವಾಗಿತ್ತು, ಅಂಗಡಿಯವ್ನು "ಎಲ್ಲ ಪಕ್ಕಾ ಸಾರ್" ಅಂದ. ಮನೆಗೆ ತಂದು ಕೂತು ಒರಗಿದ್ರೆ ಬೆನ್ನು ಒಂದು ಹಲ್ಲು ಜಾರಿ ಕಟಕ್ ಅಂತ ಹಿಂದೆ ಹೋಯ್ತು. ಮುಂದಿನ ವಾರ ವಾಪಸ್ ಹೋಗಿ ಕೇಳಿದ್ರೆ "ನೋಡ್ಕೊಂಡೇ ತಗೊಂಡ್ರಲ್ಲ". ಇನ್ನೊಂದು ಮುರುಕಲು ಸೀಟಿಂದ ರಿಕ್ಲೈನರ್ (ಬೆನ್ನು ಬಗ್ಗಿಸಿ ಹಿಡಿಯೋ ಹಲ್ಲಿನ ಭಾಗ) ಬಿಚ್ಕೊಂಡು 800 ಕೊಟ್ಟು ಬಂದೆ. ನನ್ನದೇ ತಪ್ಪು, ಹನಿ ಮಳೆಗೆ ಹೆದರ್ಬಾರ್ದಿತ್ತು.

ಆ ರಿಕ್ಲೈನರ್ ಬದ್ಲಾಯಿಸೋಕೆ ಸೀಟಿನ ಕವರ್ ಅರ್ಧ ಬಿಚ್ಬೇಕು, ಫೋಮ್ ಸರಿಸ್ಬೇಕು, ಬೋಲ್ಟು ಬಿಗಿ ಅಂದ್ರೆ ಬಿಗಿ. ಅವತ್ತು ಸಂಜೆ ಕೆಲಸ ಮುಗ್ಸಿ ಬಾಕ್ಸ್ ಸೆಟ್ ಜೋಡಿಸ್ವಾಗ 12ರ ಸಾಕೆಟ್, ಅಂದ್ರೆ 12 ಎಂಎಂ ತಲೆಯ ಬೋಲ್ಟ್ ತಿರುಗ್ಸೋ ಪಾನಾದ ಗೊಟ್ಟ, ಇಲ್ಲ. ಮಾರುತೀಲಿ 12 ಇಲ್ದೆ ಕೆಲಸಾನೇ ಆಗಲ್ಲ. ಕೊಟ್ಟಿಗೆ ಪೂರ್ತಿ ಗುಡಿಸ್ದೆ, ಅಕ್ಕನ ಮಗ ಆಟಕ್ಕೆ ತಗೊಂಡಿರ್ತಾನೆ ಅಂತ ಅವ್ನ ಚೀಲ ತಪಾಸಣೆ ಮಾಡ್ದೆ, ಅವ್ನು ಎರಡು ದಿನ ನನ್ಹತ್ರ ಮಾತಾಡ್ಲಿಲ್ಲ. ಸಿಗ್ಲಿಲ್ಲ. ಹೊಸದು ತಗೊಂಡೆ.

ಈಗ ಬಿಚ್ಚೋ ಕತೆ. ಉದ್ದ ಸೀಟು ಆರು ಬೋಲ್ಟಲ್ಲಿ ನಿಂತಿತ್ತು, ನಾಲ್ಕು ತಿರುಗಿದ್ವು, ಎರಡು ಗ್ರೈಂಡರಿಗೆ ಹೋದ್ವು. ಸೀಟು ಎತ್ತಿದಾಗ ಕೆಳಗೆ ಸಿಕ್ಕಿದ್ದು: ಇಲಿ ಗೂಡು, ಅದ್ರೊಳಗೆ ಅಪ್ಪನ ಒಂದು ಕಾಲುಚೀಲ, ಹದಿನೈದು ಇಪ್ಪತ್ತು ಗೋಟಡಿಕೆ, ಸುಣ್ಣದ ಡಬ್ಬಿ, ಒಂದು ಅಡಿಕೆ ಮಂಡಿ ಚೀಟಿ ಅಕ್ಷರ ಪೂರ್ತಿ ಅಳಿಸಿಹೋಗಿದ್ದು. ಸೀಟಿನ ಕೆಳಗೆ ತಗಡಿನ ಒಂದು ಪೆಟ್ಟಿಗೆ ಥರ ಇದೆ, ಈ ಕಡೆಯಿಂದ ಆ ಕಡೆವರೆಗೆ, ನೆಲದಿಂದ 9 ಇಂಚು ಎತ್ತರ, ಅದ್ರೊಳಗೆ ಜಾಕು, ಪಾನಾ, ಜೊತೆಗೆ ಬ್ಯಾಟ್ರಿ. ಬ್ಯಾಟ್ರೀನ ಅಲ್ಲಿ ತಂದಿಟ್ಟಿದ್ದು ಯಾವ್ದೋ ಎಲೆಕ್ಟ್ರಿಷಿಯನ್, ಅಪ್ಪಂಗೂ ನೆನಪಿಲ್ಲ. ಪೆಟ್ಟಿಗೆ ಅಂಚಲ್ಲಿ ಸ್ಕ್ರೂಡ್ರೈವರ್ ಒತ್ತಿದ್ರೆ ತಗಡು ಹಪ್ಪಳದ ಥರ ಒಳಗೆ ಹೋಯ್ತು. ಮೇಲಿಂದ ಕಪ್ಪು ಟಾರು ಬಳಿದಿದ್ರಿಂದ ಏನೂ ಕಾಣ್ತಿರ್ಲಿಲ್ಲ. ಟಾರು ಬಳಿಯೋದು ಒಳ್ಳೇದೇ, ಆದ್ರೆ ತುಕ್ಕಿನ ಮೇಲೇ ಬಳಿದ್ರೆ ಕೆಳಗೆ ನೀರು ಕೂತು ಆರಾಮಾಗಿ ತಿನ್ನತ್ತೆ. ಬ್ಯಾಟ್ರಿ ಆಸಿಡ್ ಚೆಲ್ಲಿದ ಕಡೆ ಅಂತೂ ನೆಲದ ಮೂಲಕ ಅಂಗಳದ ಜಲ್ಲಿ ಕಾಣ್ತಿತ್ತು.

ಇಲ್ಲಿ ಸ್ವಲ್ಪ ಲೆಕ್ಕ ಮಾಡ್ಬೇಕು, ಇದೇ ಮುಖ್ಯ. ಹಳೇ ಸೀಟು ಕೂತಾಗ ಕುಗ್ಗಿ 5 ಇಂಚು, ಪೆಟ್ಟಿಗೆ 9, ಒಟ್ಟು 14. ಅಂದ್ರೆ ನೆಲದಿಂದ ನನ್ನ ಕುಂಡೆ 14 ಇಂಚು ಎತ್ತರದಲ್ಲಿದ್ರೆ ಕಾಲು, ಸ್ಟೇರಿಂಗು, ಬಾನೆಟ್ಟಿನ ಮೇಲಿನ ನೋಟ ಎಲ್ಲ ಸರಿ. ಸ್ವಿಫ್ಟ್ ಸೀಟು ರೈಲು ಸಮೇತ, ಕೂತು ಕುಗ್ಗಿದ ಮೇಲೂ ಹತ್ತೂವರೆ ಇಂಚು. ಅದನ್ನ ಹಂಗೇ ಪೆಟ್ಟಿಗೆ ಮೇಲೆ ಕೂರ್ಸಿದ್ರೆ ಹತ್ತೊಂಬತ್ತೂವರೆ, ತಲೆ ರೂಫಿಗೆ, ತೊಡೆ ಸ್ಟೇರಿಂಗಿಗೆ. ಕಾರಿನ ಸೀಟು ತಂದು ಜೀಪಿಗೆ ಹಾಕಿ ಆಮೇಲೆ ಕುತ್ತಿಗೆ ಬಗ್ಗಿಸಿ ಓಡ್ಸೋರನ್ನ ನಾನು ನೋಡಿದೀನಿ, ಕಾರಣ ಇದೇ. ಹಂಗಾಗಿ ನಂಗೆ ಬೇಕಾದ ಸ್ಟ್ಯಾಂಡು ಮೂರೂವರೆ ಇಂಚು. ಪೆಟ್ಟಿಗೆ ಹೇಗೂ ಹಪ್ಪಳ, ಕಿತ್ತೇ ಬಿಡೋದು ಅಂತ ಆಯ್ತು.

ಪೆಟ್ಟಿಗೆ ಸ್ಪಾಟ್ ವೆಲ್ಡಲ್ಲಿ ನಿಂತಿರತ್ತೆ, ಒಂದೊಂದು ಚುಕ್ಕೀನೂ ಹುಡ್ಕಿ 8 ಎಂಎಂ ಬಿಟ್ಟಲ್ಲಿ ಮೇಲಿನ ತಗಡು ಮಾತ್ರ ಕೊರೆದು ಉಳಿಯಲ್ಲಿ ಎಬ್ಬಿಸ್ಬೇಕು. ಗ್ರೈಂಡರ್ ಹಾಕಿ ಕರಕರ ಅಂತ ಕಟ್ ಮಾಡಿದ್ರೆ ಬೇಗ ಆಗತ್ತೆ, ಆದ್ರೆ ನೆಲದ ತಗಡೂ ಕಟ್ ಆಗತ್ತೆ. ಒಂದು ವಿಷಯ ಮರೀಬೇಡಿ, ಆ ಪೆಟ್ಟಿಗೆ ಬರೀ ಸೀಟಿಗಲ್ಲ, ಕ್ಯಾಬಿನ್ ನೆಲ ಅಲ್ಲಾಡದ ಹಂಗೆ ಹಿಡ್ಕೊಂಡಿರೋ ತೊಲೆ ಅದು. ಕಿತ್ತ ಮೇಲೆ ಬಾಗ್ಲು ಹಾಕಿದ್ರೆ ಇಡೀ ನೆಲ ಡಬ್ ಅಂತ ಡೋಲಿನ ಥರ ಸದ್ದು. ಅದಕ್ಕೇ ಹೊಸ ಫ್ರೇಮು ಎರಡೂ ಕಡೆದು ಸೇರಿ ಒಂದೇ ಆಗಿ, ತೊಲೆ ಕೆಲಸಾನೂ ಮಾಡ್ಬೇಕು.

ಇಲ್ಲೇ ನಂಗೂ ವೆಲ್ಡಿಂಗ್ ಅಣ್ಣಂಗೂ ಒಂದು ಗಂಟೆ ವಾದ. ಅವ್ರು ಹೇಳಿದ್ದು, ನೆಲ ಬಿಡು, ತೂತು ಮಾಡಿ ಕೆಳಗೆ ಚಾಸಿಗೇ (ಗಾಡಿ ಅಡಿಯ ಉಕ್ಕಿನ ಚೌಕಟ್ಟು) ನಾಲ್ಕು ಕಂಬ ವೆಲ್ಡ್ ಮಾಡೋಣ, ಆನೆ ಕೂತ್ರೂ ಬೀಳಲ್ಲ ಅಂತ. ಕೇಳೋಕೆ ಚೆನ್ನಾಗಿದೆ. ಆದ್ರೆ ಈ ಗಾಡೀಲಿ ಬಾಡಿ ಬೇರೆ ಚಾಸಿ ಬೇರೆ, ಮಧ್ಯ ರಬ್ಬರ್ ಬುಷ್ ಇದೆ. ನಮ್ಮ ತೋಟದ ರಸ್ತೇಲಿ ಒಂದು ಚಕ್ರ ಗುಂಡೀಲಿ ಒಂದು ಚಕ್ರ ದಿಬ್ಬದ ಮೇಲೆ ಇದ್ದಾಗ ಚಾಸಿ ಒಂದು ಕಡೆ ತಿರುಚಿಕೊಳ್ಳತ್ತೆ, ಕ್ಯಾಬಿನ್ ಇನ್ನೊಂದು ಕಡೆ. ಸೀಟು ಚಾಸಿಗೆ, ಸ್ಟೇರಿಂಗೂ ಬೆಲ್ಟಿನ ಮೇಲ್ತುದಿನೂ ಬಾಡಿಗೆ ಅಂತಾದ್ರೆ ಗಾಡಿ ಅಲುಗಾಡಿದಾಗೆಲ್ಲ ಎರಡೂ ಒಂದನ್ನೊಂದು ಎಳೀತಿರ್ತವೆ, ಒಂದಲ್ಲ ಒಂದಿನ ವೆಲ್ಡು ಸೀಳತ್ತೆ ಇಲ್ಲಾ ನೆಲ ಹರಿಯತ್ತೆ. ಸೀಟು, ಬೆಲ್ಟು ಎರಡೂ ಬಾಡಿಗೇ ಇರ್ಬೇಕು ಅಂದೆ. ಅಣ್ಣ ಬೀಡಿ ಮುಗಿಯೋವರೆಗೆ ಯೋಚ್ನೆ ಮಾಡಿ "ಸರಿ, ಗಾಡಿ ನಿಂದು" ಅಂದ್ರು. ಒಪ್ಪಿದ್ರೋ ಬೇಜಾರಾಯ್ತೋ ಗೊತ್ತಾಗ್ಲಿಲ್ಲ.

ನೆಲಕ್ಕೆ 16 ಗೇಜ್ ತಗಡು, ಸಿಓಟೂ ವೆಲ್ಡಿಂಗು, ಅಂದ್ರೆ ಗ್ಯಾಸ್ ಬಿಟ್ಟು ಸಣ್ಣ ತಂತಿ ಕರಗಿಸೋದು. ಮೊದ್ಲು ಮಾಮೂಲಿ ರಾಡಲ್ಲಿ ಒಂದು ಮೂಲೆ ಟ್ರೈ ಮಾಡಿದ್ವಿ, ಹಳೇ ತಗಡು ತೆಳ್ಳಗಾಗಿತ್ತಲ್ಲ, ಮುಟ್ಟಿದಲ್ಲೆಲ್ಲ ತೂತು, ತೂತು ಮುಚ್ಚೋಕೆ ಹೋದ್ರೆ ದೊಡ್ಡ ತೂತು. ಬ್ಯಾಟ್ರಿ ಕಳಚಿಟ್ಟಿದ್ದೆ, ಆಲ್ಟರ್ನೇಟರಿನ ವಯರೂ ಬಿಚ್ಚಿದ್ದೆ, ಡೀಸೆಲ್ ಪೈಪ್ ಹತ್ರ ಒದ್ದೆ ಗೋಣಿ ಹಾಕಿ ಒಂದು ಬಕೆಟ್ ನೀರು, ಒಂದು ಬಕೆಟ್ ಮರಳು. ನಗಾಡಿದ್ರು ಎಲ್ಲ. ಆಮೇಲೆ ಹಳೇ ಟಾರಿಗೆ ಕಿಡಿ ಬಿದ್ದು ಭಗ್ ಅಂದಾಗ ಮರಳಿನ ಬಕೆಟ್ ಎತ್ಕೊಂಡು ಮೊದ್ಲು ಓಡಿ ಬಂದಿದ್ದು ನಗಾಡಿದವ್ರೇ.

ಫ್ರೇಮಿಗೆ 40-40-5ರ ಎಂ.ಎಸ್. ಆಂಗಲ್ಲು, ಅಂದ್ರೆ ಎರಡೂ ಕಡೆ 40 ಎಂಎಂ ಅಗಲ, 5 ಎಂಎಂ ದಪ್ಪದ ಎಲ್ ಆಕಾರದ ಕಬ್ಬಿಣ. ಒಂದೊಂದು ಸೀಟಿಗೆ ಒಂದು ಚೌಕ, ಮಧ್ಯ ಗೇರ್‌ಬಾಕ್ಸಿನ ಹಂಪು (ನೆಲದ ಉಬ್ಬು) ಸೀಟಿರೋ ಜಾಗದಲ್ಲಿ 3 ಇಂಚಿಗೆ ಇಳ್ದಿರತ್ತೆ, ಅದ್ರ ಮೇಲೆ 6 ಎಂಎಂ ದಪ್ಪದ ಎರಡು ಫ್ಲ್ಯಾಟ್ ಪಟ್ಟಿ ಹಾದು ಎರಡೂ ಚೌಕ ಸೇರ್ಸಿದ್ವಿ. ಒಳಗಡೆ ಆಂಗಲ್ಲು ಹಂಪಿನ ಇಳಿಜಾರಿನ ಮೇಲೇ ಬಂತು, ಅಲ್ಲಿ ಕಾಲು ಓರೆಯಾಗಿ ಕಟ್ ಮಾಡ್ಬೇಕಾಯ್ತು. ನೆಲದ ಕೆಳಗೆ ಪ್ರತೀ ಬೋಲ್ಟಿಗೂ 75 ಎಂಎಂ ಚೌಕದ 5 ಎಂಎಂ ಪ್ಲೇಟು. ಬರೀ ವಾಷರ್ ಹಾಕಿದ್ರೆ ಜೋರಾಗಿ ಗುದ್ದಿದಾಗ ಬೋಲ್ಟು ತಗಡಿನ ಮೂಲಕ ಅಂಗಿಯಿಂದ ಗುಂಡಿ ಕಿತ್ತು ಬಂದಂಗೆ ಬಂದ್ಬಿಡತ್ತೆ. ಬೋಲ್ಟು 10 ಎಂಎಂ, ತಲೆ ಮೇಲೆ 8.8 ಅಂತ ಗುರುತು ಇರೋದು, ಅಂದ್ರೆ ಗಟ್ಟಿ ಉಕ್ಕಿಂದು. ಹಾರ್ಡ್‌ವೇರ್ ಅಂಗಡೀಲಿ ಬೋಲ್ಟ್ ಕೊಡಿ ಅಂದ್ರೆ ಗೇಟಿಗೆ ಹಾಕೋದು ಕೊಡ್ತಾರೆ, ತಲೆ ನೋಡಿ ತಗೊಳ್ಳಿ.

ಎತ್ತರ ಮುಂದೂ ಹಿಂದೂ ಒಂದೇ ಇರ್ಬಾರ್ದು. ಇದು ನಂಗೆ ಮೊದ್ಲು ಹೊಳೀಲಿಲ್ಲ. ಸಮ ಮಾಡಿ ತಾತ್ಕಾಲಿಕಕ್ಕೆ ಎರಡು ಮರದ ತುಂಡಿನ ಮೇಲೆ ಕೂತು ನೋಡಿದ್ರೆ ಜಾರುಬಂಡೆ ಮೇಲೆ ಕೂತಂಗೆ ಮುಂದೆ ಜಾರ್ತಿದೀನಿ. ಕಾರಲ್ಲಿ ಸೀಟು ಕೂರೋ ಜಾಗಾನೇ ಸ್ವಲ್ಪ ಹಿಂದಕ್ಕೆ ವಾಲಿರತ್ತೆ, ಸೀಟು ಆ ಲೆಕ್ಕಕ್ಕೇ ಮಾಡಿರೋದು. ಮುಂದೆ 95 ಎಂಎಂ, ಹಿಂದೆ 75 ಇಟ್ಟ ಮೇಲೆ ತೊಡೆಗೆ ಆಧಾರ ಸಿಕ್ತು. ಸೀಟಿನ ನಾಲ್ಕು ಪಾದಾನೂ ಒಂದೇ ಮಟ್ಟದಲ್ಲಿಲ್ಲ, ಹೊರಗಡೆ ಮುಂದಿನದ್ದು 18 ಎಂಎಂ ಗಿಡ್ಡ, ಅದಕ್ಕೆ ಲೇತಲ್ಲಿ ಎರಡು ಬುಷ್ ಮಾಡ್ಸಿದೆ. ವಾಷರ್ ಮೇಲೆ ವಾಷರ್ ಪೇರಿಸೋರಿದ್ದಾರೆ, ನಂಗೆ ಅದು ನೋಡೋಕೇ ಆಗಲ್ಲ.

ಆಮೇಲೆ ನಾನು ಮಾಡಿದ ದೊಡ್ಡ ದಡ್ಡತನ. ಸೀಟು ಭಾರ, ಎತ್ತಿ ಎತ್ತಿ ಇಡೋದು ಬೇಡ ಅಂತ ಅಳತೆ ಬರ್ಕೊಂಡು, ಸೀಟಿಲ್ದೆ ಫ್ರೇಮಿಗೆ ನಟ್ ವೆಲ್ಡ್ ಮಾಡ್ಸಿದೆ. ಬಿಸಿಗೆ ಆಂಗಲ್ಲು ಎಳ್ಕೊಂತು. ಸೀಟಿಟ್ಟು ಬೋಲ್ಟ್ ಬಿಗಿದ್ರೆ ನಾಲ್ಕೂ ಹತ್ತಿದ್ವು, ಭಾರೀ ಖುಷಿ, ಲಿವರ್ ಎತ್ತಿ ಸರ್ಸಿದ್ರೆ ಸೀಟು ಅರ್ಧ ಹೋಗಿ ನಿಂತ್ಕೊಂತು. ಮುಂದೆ ಎರಡು ರೈಲಿನ ನಡುವಿನ ಅಂತರಕ್ಕೂ ಹಿಂದೆ ಇರೋದಕ್ಕೂ 3 ಎಂಎಂ ವ್ಯತ್ಯಾಸ. ಮೂರೇ ಮೂರು ಎಂಎಂ. ರೈಲು ಎರಡೂ ಸಮಾನಾಂತರ ಇಲ್ಲಾಂದ್ರೆ ಸೀಟು ಸರಿಯಲ್ಲ, ಸರಿದ್ರೂ ಲಾಕ್ ಒಂದೇ ಕಡೆ ಬೀಳತ್ತೆ. ಡ್ರೈವರ್ ಸೀಟು ಅರ್ಧ ಲಾಕಲ್ಲಿ ಇದ್ದು ಬ್ರೇಕ್ ಒತ್ತಿದಾಗ ಜಾರಿದ್ರೆ ಗತಿ ಏನು. ಎರಡು ನಟ್ ಕಿತ್ತು, ತೂತನ್ನ ಅರದಲ್ಲಿ ಉದ್ದ ಮಾಡಿ, ಈ ಸಲ ಸೀಟನ್ನ ಫ್ರೇಮ್ ಮೇಲೇ ಸಡಿಲವಾಗಿ ಕೂರ್ಸಿ, ಐದಾರು ಸಲ ಹಿಂದೆ ಮುಂದೆ ಓಡಾಡ್ಸಿ, ರೈಲು ತಾನಾಗೇ ದಾರಿ ಹುಡ್ಕೊಂಡ ಮೇಲೆ ನಟ್ಟಿಗೆ ಎರಡೆರಡು ಚುಕ್ಕೆ ವೆಲ್ಡು, ಸೀಟು ತೆಗೆದು ಪೂರ್ತಿ ವೆಲ್ಡು. ಒಂದು ಭಾನುವಾರ ಹೋಯ್ತು ಇದಕ್ಕೆ.

ಸ್ಟೇರಿಂಗಿನ ನಡುಗೆರೆಗೂ ಸೀಟಿನ ನಡುಗೆರೆಗೂ ಅರ್ಧ ಇಂಚು ವ್ಯತ್ಯಾಸ ಉಳೀತು, ಬಾಗ್ಲಿಂದ ಒಂದಿಂಚಾದ್ರೂ ಜಾಗ ಬಿಡ್ಲೇಬೇಕಲ್ಲ. ಓಡ್ಸೋವಾಗ ಗೊತ್ತಾಗಲ್ಲ. ಹಿಂದೆ ಕ್ಯಾಬಿನ್ ಗೋಡೆ ಇರೋದ್ರಿಂದ ಬೆನ್ನು ಎರಡು ಹಲ್ಲಿಗಿಂತ ಹೆಚ್ಚು ಬಗ್ಗಲ್ಲ, ಮಲಗೋ ಆಸೆ ಇರೋರು ಈಗ್ಲೇ ಬಿಟ್ಬಿಡಿ. ಹೆಡ್‌ರೆಸ್ಟ್ ಹಿಂದಿನ ಗಾಜಿಗೆ ತಾಗ್ತಿತ್ತು, ಫ್ರೇಮನ್ನೇ 2 ಇಂಚು ಮುಂದೆ ತಂದ್ವಿ. ಹೆಡ್‌ರೆಸ್ಟ್ ತೆಗೆದುಬಿಡು ಅಂದ್ರು ಅಪ್ಪ. ತಲೆ ಹಿಂದೇನೇ ಗಾಜು, ಗಾಜಿನ ಹಿಂದೆ ಅಡಿಕೆ ಮೂಟೆ, ಅದಿರ್ಲೇಬೇಕು ಅಂದೆ.

ಬ್ಯಾಟ್ರಿ ವಾಪಸ್ ಸೀಟ್ ಕೆಳಗೆ ಇಡೋ ಮಾತೇ ಇಲ್ಲ. ಈ ಸೀಟಿನ ತಳದಲ್ಲಿ ಅಂಕುಡೊಂಕು ಕಬ್ಬಿಣದ ಸ್ಪ್ರಿಂಗು, ದಪ್ಪ ಮನುಷ್ಯ ಕೂತು ಒಂದು ಗುಂಡಿ ಹಾರ್ಸಿದ್ರೆ ಸ್ಪ್ರಿಂಗು ಟರ್ಮಿನಲ್ಲಿಗೆ ಮುಟ್ಟತ್ತೆ, ಮೇಲೆ ಫೋಮು, ಆಮೇಲೆ ಹೇಳೋದೇನೂ ಬೇಕಿಲ್ಲ. ಚಾಸಿಯ ಎಡಗಡೆ ಹೊರಗೆ ಒಂದು ಪೆಟ್ಟಿಗೆ ಮಾಡಿ ಅಲ್ಲಿಟ್ವಿ, ಸೆಲ್ಫ್ ಮೋಟಾರಿನ ಕೇಬಲ್ಲೂ ಮೊದ್ಲಿಗಿಂತ ಒಂದಡಿ ಕಮ್ಮಿ ಆಯ್ತು, ಈಗ ಒಂದೇ ಸೆಲ್ಫಿಗೆ ಸ್ಟಾರ್ಟು. ಇದು ಲೆಕ್ಕದಲ್ಲಿಲ್ದೇ ಸಿಕ್ಕಿದ್ದು.

ಬೆಲ್ಟು ಮಾತ್ರ ಗುಜರೀದು ತಗೋಬೇಡಿ. ಆಕ್ಸಿಡೆಂಟ್ ಆದ ಗಾಡೀಲಿ ಒಂದ್ಸಲ ಮನುಷ್ಯನ ಭಾರ ತಡೆದ ಬೆಲ್ಟಿನ ಪಟ್ಟಿ ಎಳೆದುಹೋಗಿರತ್ತೆ, ಕಣ್ಣಿಗೆ ಕಾಣಲ್ಲ. ಹೊಸ ಮೂರು ಪಾಯಿಂಟಿನ ಸೆಟ್ಟು ಎರಡು ತಂದೆ. ಸ್ವಿಫ್ಟಿನ ಬಕಲ್ಲಿಗೆ ಹೊಸ ಬೆಲ್ಟಿನ ನಾಲಿಗೆ ಕೂರಲ್ಲ, ಸೆಟ್ಟಿನದೇ ಬಕಲ್ ಹಾಕ್ಬೇಕಾಯ್ತು. ಬೆಲ್ಟಿನ ಬೋಲ್ಟು ನಮ್ಮ ಎಂಎಂ ಲೆಕ್ಕದ್ದಲ್ಲ, 7/16 ಇಂಚಿನ ಯುಎನ್‌ಎಫ್, ಸಣ್ಣ ಹಲ್ಲು. ಬಾಗ್ಲ ಕಂಬದಲ್ಲಿ ಅದಕ್ಕೆ ನಟ್ ಇರ್ಲಿಲ್ಲ, ಒಳಗಿಂದ ಪ್ಲೇಟ್ ಸಮೇತ ವೆಲ್ಡ್ ಮಾಡ್ಸಿದೆ. ಎಲ್ಲ ಆದ್ಮೇಲೆ ಬೆಲ್ಟ್ ಎಳೆದ್ರೆ ಬರ್ಲೇ ಇಲ್ಲ. ಸುರುಳಿ ಸುತ್ತೋ ಡಬ್ಬಿ ಒಳಗೆ ಗಾಡಿ ವಾಲಿದ್ರೆ ಲಾಕ್ ಆಗೋ ಒಂದು ಏರ್ಪಾಡಿರತ್ತೆ, ನಾನು ಕಂಬದ ಓರೆಗೆ ತಕ್ಕಂಗೆ ಓರೆಯಾಗೇ ಕೂರ್ಸಿದ್ದೆ, ಅದು ಗಾಡಿ ಪಲ್ಟಿ ಆಗ್ತಿದೆ ಅಂದ್ಕೊಂಡು ಹಿಡ್ಕೊಂಡಿದೆ ಪಾಪ. ನೆಟ್ಟಗೆ ನಿಲ್ಸಿದ ಮೇಲೆ ಸರಿಯಾಯ್ತು.

ತುಕ್ಕು ಉಜ್ಜಿ ರೆಡ್ ಆಕ್ಸೈಡ್ ಎರಡು ಕೋಟು, ಒಣಗಿದ ಮೇಲೆ ಪೇಂಟು, ಕೆಳಗಡೆ ಮಾತ್ರ ಟಾರು. ಸೀಟಿನ ಬಟ್ಟೆ ಕಿತ್ತು ಕುಶನ್ ಅಂಗಡೀಲಿ ರೆಕ್ಸಿನ್ ಹೊಲಿಸ್ದೆ, ನಮ್ಮ ಕಡೆ ಮಳೆಗಾಲದಲ್ಲಿ ಬಟ್ಟೆ ಸೀಟು ಇಟ್ರೆ ಎರಡು ವಾರಕ್ಕೆ ಬೂಷ್ಟು. ಅಪ್ಪ ಹಸಿರೇ ಬೇಕು ಅಂದ್ರು, ಹಸಿರೇ ಆಯ್ತು.

ಖರ್ಚು ಹೇಳ್ಬೇಕಲ್ಲ. ಸೀಟು 6500, ರಿಕ್ಲೈನರ್ 800, ಆಂಗಲ್ಲು ತಗಡು ಪ್ಲೇಟು ಸೇರಿ 2200, ವೆಲ್ಡಿಂಗ್ ಮಜೂರಿ 4500, ಬೆಲ್ಟು 2400, ರೆಕ್ಸಿನ್ ಕೆಲಸ 3000, ಬೋಲ್ಟು ಪೇಂಟು ಚಿಲ್ಲರೆ 900. ಒಟ್ಟು 20,300. ಡೀಸೆಲ್ಲು, ಟೀ, ಹೊಸ 12ರ ಸಾಕೆಟ್ ಇದ್ರಲ್ಲಿ ಸೇರ್ಸಿಲ್ಲ. ಹೊಸ ಉದ್ದ ಸೀಟೇ ಮಾಡ್ಸಿದ್ರೆ ಇದ್ರ ಅರ್ಧಕ್ಕೆ ಮುಗೀತಿತ್ತು ಅಂತ ಅಪ್ಪ ಇನ್ನೂ ಹೇಳ್ತಾರೆ. ನೆಲದ ತಗಡು ಅವಾಗ್ಲೂ ಹಪ್ಪಳಾನೇ ಇರ್ತಿತ್ತು ಅಂತ ನಾನು ಹೇಳ್ತೀನಿ.

ಮಿರ್ಗದ ಮಳೆ ಹಿಡಿಯೋಕೆ ನಾಲ್ಕು ದಿನ ಮೊದ್ಲು ಕೆಲಸ ಮುಗೀತು. ಮೊದಲ ಸಲ ಅಪ್ಪ ಕೂತು ಲಿವರ್ ಎತ್ತಿ ಸೀಟನ್ನ ಮುಂದೆ ಎಳ್ಕೊಂಡು, ಕ್ಲಚ್ ಪೂರ್ತಿ ಒತ್ತಿ ನೋಡಿ, ಏನೂ ಮಾತಾಡ್ದೆ ದಿಂಬು ತೆಗೆದು ಹೊರಗೆ ಎಸೆದ್ರು. ಅಮ್ಮನ ಸಮಸ್ಯೆ ಅಮ್ಮನೇ ಬಗೆಹರಿಸ್ಕೊಂಡ್ರು, ಈಗ ಪೇಟೆಗೆ ಅಪ್ಪ ಅಮ್ಮ ಪಿಕಪ್ಪಲ್ಲಿ, ನಾನು ಹಿಂದೆ ಬೈಕಲ್ಲಿ.

ಹೋದ ವಾರ ಖಾಲಿ ಗಾಡೀಲಿ ನಾನೂ ಅಕ್ಕನ ಮಗನೂ ಆಗುಂಬೆ ಕಡೆ ಹೋಗಿದ್ವಿ. ಘಾಟಿಯ 14 ತಿರುವೂ ಇಳಿದು ಹತ್ತಿದ್ವಿ, ಹಳೇ ಸೀಟಲ್ಲಿ ಪ್ರತೀ ತಿರುವಿಗೂ ಆ ಕಡೆ ಕೂತವ್ರು ಈ ಕಡೆ ಬಂದು ಬೀಳ್ತಿದ್ರು, ಈ ಸಲ ಇಬ್ರೂ ಕೂತಲ್ಲೇ. ಫ್ರೇಮು ಕಿರ್ ಅನ್ಲಿಲ್ಲ, ನೆಲ ಡಬ್ ಅನ್ಲಿಲ್ಲ. ಆದ್ರೆ ಎಡಕ್ಕೆ ತಿರುಗಿದಾಗೆಲ್ಲ ಎಲ್ಲೋ ಒಂದು ಸಣ್ಣ ಟಣ್ ಸದ್ದು, ಬಲಕ್ಕೆ ತಿರುಗಿದ್ರೆ ಮತ್ತೆ ಟಣ್. ಬೋಲ್ಟ್ ಸಡಿಲ ಆಯ್ತೇನೋ ಅಂತ ಮೇಗರವಳ್ಳೀಲಿ ನಿಲ್ಸಿ ಹದಿನಾರು ಬೋಲ್ಟೂ ಸ್ಪ್ಯಾನರ್ ಹಾಕಿ ನೋಡ್ದೆ, ಒಂದೂ ಅಲ್ಲಾಡಲ್ಲ. ಅಕ್ಕನ ಮಗ ಎಡಗಡೆ ಸೀಟಿನ ಬೆನ್ನಿಗೆ ಕಿವಿ ಇಟ್ಟು, "ಮಾಮ, ಇನ್ನೊಂದ್ಸಲ ಅಲ್ಲಾಡ್ಸು" ಅಂದ. ಅಲ್ಲಾಡ್ಸಿದೆ. ಹೊಸ ರೆಕ್ಸಿನ್ ಒಳಗೆ, ಫೋಮಿಗೂ ತಗಡಿಗೂ ನಡುವೆ, ರಿಕ್ಲೈನರ್ ಪಕ್ಕದಲ್ಲೇ 12ರ ಸಾಕೆಟ್ಟು. ಮೂರು ಸಾವಿರ ಕೊಟ್ಟು ಹೊಲಿಸಿದ್ದನ್ನ ಬಿಚ್ಚೋಕೆ ಮನಸ್ಸು ಬರ್ತಿಲ್ಲ. ಅವ್ನಿಗೆ ಒಂದು ಐಸ್‌ಕ್ರೀಮ್ ಕೊಡ್ಸಿದೆ, ಎರಡು ಬೇಕು ಅಂದ, ಎರಡು ಕೊಡ್ಸಿದೆ.